ಹಾವಸೆ ಸಸ್ಯಗಳಲ್ಲಿ ಬೀಜಕಗಳ ಹುಟ್ಟು

ಮುಂಬಯಿಯಲ್ಲಿ ಮಳೆ ಹಿಡಿದು ಒಂದೆರಡು ವಾರ ಕಳೆಯುವಷ್ಟರಲ್ಲಿ ಹಳೆಯ ಚಾಳುಗಳ ಮೆಟ್ಟಿಲು, ರೈಲುಮಾರ್ಗದ ಬದಿಯ ಕಲ್ಲುಗೋಡೆ, ಸೋರುವ ಕೊಳವೆಯ ಕೆಳಗಿನ ಗಾರೆ, ಹೂಕುಂಡಗಳ ಅಂಚು ಎಲ್ಲವೂ ಹಸುರು ತಳೆಯುತ್ತವೆ. ಈ ಹಸುರಿಗೆ ಕನ್ನಡದಲ್ಲಿ ಪಾಚಿ, ಹಾವಸೆ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಮರಾಠಿಯ ಶೇವಾಳ, ಸಂಸ್ಕೃತದ ಶೈವಲ, ತಮಿಳಿನ ಪಾಸಿ ಇವೂ ಇದೇ ಅರ್ಥವಲಯದ ಮಾತುಗಳು. ಕೆರೆಯ ನೀರಿನ ಮೇಲೆ ತೇಲುವ ಹಸುರನ್ನೂ ಗೋಡೆಗೆ ಅಂಟಿಕೊಂಡ ಹಸುರನ್ನೂ ಇವು ಒಂದೇ ಎಂದು ಭಾವಿಸುತ್ತವೆ. ವಚನಕಾರರಿಗೆ ಹಾವಸೆ ಕಟ್ಟಿದ ಕಲ್ಲು ಕಾಲು ಜಾರಿಸುವ ವಸ್ತು, ಸಾಧಕನ ಎಚ್ಚರಕ್ಕೊಂದು ಪ್ರತಿಮೆ. ಜಾರುವ ಕಾಲಿಗೆ ಹಸುರಿನ ಕುಲಗೋತ್ರ ಬೇಕಾಗಿಲ್ಲವಾದ್ದರಿಂದ ಭಾಷೆ ಅಲ್ಲಿಗೆ ನಿಂತದ್ದು ಸಹಜವೇ. ಆದರೆ ಸಸ್ಯಶಾಸ್ತ್ರಕ್ಕೆ ಈ ಎರಡು ಹಸುರುಗಳ ನಡುವಣ ಅಂತರ ಬಹು ದೊಡ್ಡದು. ನೀರಿನಲ್ಲಿ ತೇಲುವುದರಲ್ಲಿ ಹೆಚ್ಚಿನದು ಆಲ್ಗೆ. ಗೋಡೆಯ ಮೇಲೆ ಮಖಮಲ್ಲಿನಂತೆ ಹರಡಿ, ಹತ್ತಿರದಿಂದ ನೋಡಿದರೆ ಪುಟ್ಟ ಎಲೆಗಳ ಸುತ್ತು ತೋರುವುದು ಮಾಸ್. ಈ ಲೇಖನದಲ್ಲಿ ಮೊದಲನೆಯದಕ್ಕೆ ಪಾಚಿ ಎಂಬ ಹೆಸರನ್ನು ಬಿಟ್ಟುಕೊಟ್ಟು, ಎರಡನೆಯದಕ್ಕೂ ಅದರ ಬಂಧುಗಳಾದ ಲಿವರ್‌ವರ್ಟ್, ಹಾರ್ನ್‌ವರ್ಟ್‌ಗಳಿಗೂ ಹಾವಸೆ ಎಂಬ ಹೆಸರನ್ನು ಮೀಸಲಿಡಲಾಗಿದೆ. ಬ್ರಯೊಫೈಟ ಎಂದು ವಿಜ್ಞಾನ ಕರೆಯುವುದು ಈ ಮೂರನ್ನೂ ಕೂಡಿಸಿ.

ಹಾವಸೆಗೆ ಹೂವಿಲ್ಲ, ಹಣ್ಣಿಲ್ಲ, ಬೀಜವಿಲ್ಲ. ಅದು ಹರಡುವುದು ಬೀಜಕಗಳಿಂದ. ಬೀಜಕ ಎಂಬ ಪಾರಿಭಾಷಿಕ ಪದ ನೋಡಲು ಸುಲಭ. ಸುಲಭವಾಗಿರುವುದೇ ಅದರ ತೊಡಕು. ಬೀಜ ಎಂಬ ಮಾತಿಗೆ ಅಲ್ಪಾರ್ಥದ ಪ್ರತ್ಯಯ ಹಚ್ಚಿದಂತೆ ಕಾಣುವುದರಿಂದ ಚಿಕ್ಕ ಬೀಜವೇ ಬೀಜಕ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ವಾಸ್ತವದಲ್ಲಿ ಇವೆರಡೂ ವಿರುದ್ಧ ದಿಕ್ಕಿನ ಘಟನೆಗಳ ಫಲ. ಬೀಜ ಗಂಡು ಹೆಣ್ಣು ಅಂಶಗಳು ಕೂಡಿದ ಮೇಲೆ ಆಗುವಂಥದು. ಅದರೊಳಗೆ ಅನೇಕ ಕೋಶಗಳ ಭ್ರೂಣವಿದೆ, ಅದಕ್ಕೆ ಬುತ್ತಿಯಿದೆ. ಬೀಜಕ ಕೂಡಿದ್ದು ಮತ್ತೆ ಬೇರ್ಪಟ್ಟಾಗ ಆಗುವಂಥದು. ಅದು ಒಂಟಿ ಕೋಶ. ಬೀಜಾಣು ಎಂಬ ಇನ್ನೊಂದು ರೂಪವೂ ಕನ್ನಡದಲ್ಲಿದೆ, ತೊಡಕು ಅದಕ್ಕೂ ತಪ್ಪಿದ್ದಲ್ಲ. ಪದವನ್ನು ಬದಲಿಸುವ ಕಾಲ ಮೀರಿದೆ. ಅದರೊಳಗಿನ ಪ್ರಕ್ರಿಯೆಯನ್ನು ತಿಳಿದು ಬಳಸುವುದಷ್ಟೇ ಈಗ ಸಾಧ್ಯ.

ಆ ಪ್ರಕ್ರಿಯೆ ಅರ್ಥವಾಗಬೇಕಾದರೆ ಹಾವಸೆಯ ಬಾಳು ಎರಡು ಪೀಳಿಗೆಗಳಲ್ಲಿ ಹಂಚಿಹೋಗಿರುವುದನ್ನು ಮೊದಲು ಗಮನಿಸಬೇಕು. ಗೋಡೆಯ ಮೇಲೆ ಕಾಣುವ ಎಲೆಗೂಡಿದ ಹಸುರು ಗಿಡ ಲಿಂಗಾಣುಸಸ್ಯ. ಅದರ ಪ್ರತಿ ಕೋಶದಲ್ಲಿ ವರ್ಣತಂತುಗಳ ಒಂದೇ ಜೊತೆಯಿದೆ. ಅದರ ತುದಿಯಲ್ಲಿ ಹೂಜಿಯಾಕಾರದ ಹೆಣ್ಣು ಅಂಗಗಳೂ ಗದೆಯಾಕಾರದ ಗಂಡು ಅಂಗಗಳೂ ಹುಟ್ಟುತ್ತವೆ. ಗಂಡು ಲಿಂಗಾಣುವಿಗೆ ಎರಡು ಬಾಲಗಳಿವೆ. ಅದು ಈಜಿಕೊಂಡು ಹೆಣ್ಣು ಅಂಡವನ್ನು ಸೇರಬೇಕು. ಆದ್ದರಿಂದ ನೀರಿನ ತೆಳುಪೊರೆಯಾದರೂ ಇಲ್ಲದೆ ಹಾವಸೆಗೆ ಸಂತಾನವಿಲ್ಲ. ಮಳೆಗೂ ಹಾವಸೆಗೂ ಇರುವ ನಂಟಿನ ಮೂಲ ಇದೇ. ಅಂಡ ಫಲಿತವಾದ ಮೇಲೆ ಅದು ಕಳಚಿ ಬೀಳುವುದಿಲ್ಲ. ತಾಯಿಯ ಅಂಗದಲ್ಲಿಯೇ ಬೆಳೆದು ಕೆಳಗೆ ಪಾದವನ್ನು ಊರಿ, ಮೇಲೆ ಕೂದಲಿನಂಥ ದಂಟನ್ನೆತ್ತಿ, ಅದರ ತುದಿಯಲ್ಲಿ ಒಂದು ಸಂಪುಟವನ್ನು ಧರಿಸುತ್ತದೆ. ಇದು ಎರಡನೆಯ ಪೀಳಿಗೆ, ಬೀಜಕಸಸ್ಯ. ಇದರ ಕೋಶಗಳಲ್ಲಿ ವರ್ಣತಂತುಗಳ ಎರಡು ಜೊತೆಗಳಿವೆ. ಮಲ್ಲಿಗೆ, ಮಾವು, ಹಲಸುಗಳಲ್ಲಿ ನಾವು ಗಿಡವೆಂದು ಕರೆಯುವುದು ಬೀಜಕಸಸ್ಯವನ್ನೇ. ಹಾವಸೆಯಲ್ಲಿ ಮಾತ್ರ ಅದು ಜೀವಮಾನವಿಡೀ ತಾಯಿಯ ಮೇಲೆಯೇ ನಿಂತು ಅವಳಿಂದಲೇ ಉಣ್ಣುವ ಮಗು.

ಈ ಎರಡು ಪೀಳಿಗೆಗಳ ಸರದಿಯನ್ನು ಹಾವಸೆಯಿಂದ ಜರಿಗಿಡಗಳವರೆಗೆ, ಅಲ್ಲಿಂದ ಶಂಕುವೃಕ್ಷಗಳವರೆಗೆ ಒಂದೇ ಸೂತ್ರದಲ್ಲಿ ಪೋಣಿಸಿ ತೋರಿಸಿದವನು ಜರ್ಮನಿಯ ಲೈಪ್ಜಿಗ್‌ನ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್. ಅವನ ಗ್ರಂಥ ಪ್ರಕಟವಾದದ್ದು 1851ರಲ್ಲಿ, ಡಾರ್ವಿನ್ನನ ಮುಖ್ಯಕೃತಿಗೆ 8 ವರ್ಷ ಮೊದಲು. ವಿಶ್ವವಿದ್ಯಾಲಯದ ಪದವಿಯಿಲ್ಲದ, ತಂದೆಯ ಪುಸ್ತಕ ಮತ್ತು ಸಂಗೀತ ಪ್ರಕಾಶನದ ಅಂಗಡಿಯಲ್ಲಿ ದುಡಿಯುತ್ತಿದ್ದ, ಬೆಳಗಿನ ಹೊತ್ತು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದ ಒಬ್ಬ ವ್ಯಾಪಾರಿ ಇದನ್ನು ಸಾಧಿಸಿದ್ದು ವಿಶ್ವವಿದ್ಯಾಲಯಗಳು ಆಗಾಗ ನೆನೆಯಬೇಕಾದ ಸಂಗತಿ. ವರ್ಣತಂತುಗಳ ಸಂಖ್ಯೆ ಒಂದು ಪೀಳಿಗೆಯಲ್ಲಿ ಇಮ್ಮಡಿಯಾಗಿ ಇನ್ನೊಂದರಲ್ಲಿ ಅರ್ಧಕ್ಕಿಳಿಯುತ್ತದೆ ಎಂಬ ವಿವರಣೆ ಆಮೇಲಿನದು. 1894ರಲ್ಲಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಅದನ್ನು ಸ್ಪಷ್ಟವಾಗಿ ಮಂಡಿಸಿದನು. ಆ ಅರ್ಧಕ್ಕಿಳಿಯುವ ಕಾರ್ಯ ನಡೆಯುವುದು ಸಂಪುಟದೊಳಗೆ, ಬೀಜಕ ಮಾತೃಕೋಶಗಳಲ್ಲಿ.

ಮಾತೃಕೋಶಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಫ್ಯುನೇರಿಯ ಹೈಗ್ರೊಮೆಟ್ರಿಕ ಎಂಬ ಮಾಸ್ ಬಹುಕಾಲದಿಂದ ಪಠ್ಯದ ಮಾದರಿಯಾಗಿದೆ. ಎಳೆಯ ಬೀಜಕಸಸ್ಯದ ತುದಿಯಲ್ಲಿ ಕೋಶಗಳು ಕ್ರಮವಾಗಿ ವಿಭಜಿಸುತ್ತ ಹೋಗಿ, ಅಡ್ಡಲಾಗಿ ಕೊಯ್ದರೆ ಒಳಗಿನ ನಾಲ್ಕು ಕೋಶಗಳ ಒಂದು ಗುಂಪೂ ಅದನ್ನು ಸುತ್ತುವರಿದ ಹೊರಗಿನ ಒಂದು ಬಳೆಯೂ ಕಾಣುವ ಹಂತ ಬರುತ್ತದೆ. ಒಳಗಿನದು ಒಳಪದರ, ಹೊರಗಿನದು ಹೊರಪದರ. ಕೆಲವೇ ಕೋಶಗಳಿರುವ ಈ ಹೊತ್ತಿಗಾಗಲೇ ಮುಂದಿನ ಪಾಲುಪಟ್ಟಿ ಆಗಿಹೋಗಿರುತ್ತದೆ. ಹೊರಪದರದಿಂದ ಸಂಪುಟದ ಗೋಡೆ, ಗಾಳಿಯ ಅವಕಾಶಗಳು, ಬಾಯಿಯ ಹಲ್ಲುಗಳು ಆಗುತ್ತವೆ. ಒಳಪದರದ ನಟ್ಟನಡುವಿನ ಕೋಶಗಳು ನಡುಗಂಬವಾಗಿ ಉಳಿದು ನೀರು ಆಹಾರಗಳನ್ನು ಸಾಗಿಸುತ್ತವೆ. ಆ ಕಂಬವನ್ನು ಸುತ್ತಿಕೊಂಡಿರುವ, ಒಳಪದರದ ಹೊರ ಅಂಚಿನ ಒಂದೇ ಒಂದು ಸುತ್ತು ಕೋಶಗಳಿಗೆ ಮಾತ್ರ ಬೀಜಕಗಳನ್ನು ಹೆರುವ ಹಕ್ಕು. ಇದನ್ನು ಮೂಲಬೀಜಕ ಪದರ ಎನ್ನಬಹುದು. ಮೇಲೂ ಕೆಳಗೂ ತೆರೆದ ಪೀಪಾಯಿಯಂತೆ ಅದು ಕಂಬವನ್ನು ಬಳಸಿ ನಿಲ್ಲುತ್ತದೆ. ಇಡೀ ಸಂಪುಟದ ಗಾತ್ರಕ್ಕೆ ಹೋಲಿಸಿದರೆ ಈ ಪದರ ಬಹು ತೆಳು. ಮಿಕ್ಕುದೆಲ್ಲ ಅದರ ಕಾವಲಿಗೆ, ಪೋಷಣೆಗೆ, ಕೊನೆಗೆ ಅದರ ಫಲವನ್ನು ಹೊರಗೆ ಚೆಲ್ಲುವುದಕ್ಕೆ.

ಮೂಲಬೀಜಕ ಪದರದ ಕೋಶಗಳು ಕೆಲವು ಬಾರಿ ಸಾಮಾನ್ಯ ರೀತಿಯಲ್ಲಿ ವಿಭಜಿಸಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಆಮೇಲೆ ವಿಭಜನೆ ನಿಂತು, ಪ್ರತಿ ಕೋಶವೂ ತುಂಬಿಕೊಳ್ಳುತ್ತದೆ. ಅದರ ಜೀವರಸ ದಟ್ಟವಾಗುತ್ತದೆ, ಕೋಶಕೇಂದ್ರ ಹಿಗ್ಗುತ್ತದೆ. ಅಲ್ಲಿಯವರೆಗೆ ಇಟ್ಟಿಗೆಗಳಂತೆ ಒತ್ತಾಗಿ ಅಂಟಿಕೊಂಡಿದ್ದ ಕೋಶಗಳು ಈಗ ಒಂದನ್ನೊಂದು ಬಿಡುತ್ತವೆ. ನಡುವಿನ ಗೋಡೆಗಳು ಕರಗಿ, ಲೋಳೆಯಂಥ ದ್ರವದಲ್ಲಿ ದುಂಡಗಿನ ಕೋಶಗಳು ತೇಲತೊಡಗುತ್ತವೆ. ಗಿಡದ ಒಡಲೊಳಗೆ ಹೀಗೆ ನೆರೆಹೊರೆಯ ನಂಟನ್ನು ಕಡಿದುಕೊಂಡು ಕೋಶವೊಂದು ಒಂಟಿಯಾಗುವುದು ಅಪರೂಪ. ಈ ಒಂಟಿ ಕೋಶವೇ ಬೀಜಕ ಮಾತೃಕೋಶ.

ಇನ್ನು ಮುಂದೆ ನಡೆಯುವುದು ಅರೆಗೊಳಿಸುವ ವಿಭಜನೆ, ಮಿಯಾಸಿಸ್. ಫ್ಯುನೇರಿಯದ ಕೆಲವು ಪ್ರಭೇದಗಳಲ್ಲಿ ಹಸುರು ಗಿಡದ ವರ್ಣತಂತುಗಳು 14, ಬೀಜಕಸಸ್ಯದಲ್ಲಿ 28. ಮಾತೃಕೋಶದಲ್ಲಿ ಈ 28 ತಂತುಗಳು ಜೋಡಿ ಜೋಡಿಯಾಗಿ ಎದುರುಬದುರು ಬಂದು, ತಂದೆಯ ಕಡೆಯದೂ ತಾಯಿಯ ಕಡೆಯದೂ ತುಣುಕುಗಳನ್ನು ಅದಲು ಬದಲು ಮಾಡಿಕೊಂಡು, ಅನಂತರ ಬೇರ್ಪಡುತ್ತವೆ. ಬೆನ್ನಿಗೇ ಇನ್ನೊಂದು ವಿಭಜನೆ. ಎರಡು ವಿಭಜನೆಗಳ ಕೊನೆಗೆ ಒಂದು ಕೋಶದಿಂದ ನಾಲ್ಕು ಕೋಶಗಳು, ಪ್ರತಿಯೊಂದರಲ್ಲಿ 14 ತಂತುಗಳು. ಆ ನಾಲ್ಕೂ ಬೀಜಕಗಳು. ಸ್ವಲ್ಪ ಕಾಲ ನಾಲ್ಕರ ಗೊಂಚಲಾಗಿಯೇ ಇದ್ದು ಆಮೇಲೆ ಬಿಡಿಯಾಗುತ್ತವೆ. ಮಾತೃಕೋಶ ಎಂಬ ಹೆಸರಿನ ಬಗೆಗೆ ಇಲ್ಲಿ ಒಂದು ಮಾತು ಹೇಳಬಹುದು. ಹೆತ್ತ ಮೇಲೆ ಈ ತಾಯಿ ಉಳಿಯುವುದಿಲ್ಲ, ಸಾಯುವುದೂ ಇಲ್ಲ. ಅವಳು ಪೂರ್ತಿಯಾಗಿ ಮಕ್ಕಳಾಗಿಬಿಡುತ್ತಾಳೆ. ತಾಯಿ ಎಂಬ ರೂಪಕ ಜೀವಶಾಸ್ತ್ರಕ್ಕೆ ಅಷ್ಟಾಗಿ ಒಗ್ಗದಿದ್ದರೂ ಪಾಶ್ಚಾತ್ಯ ಭಾಷೆಗಳಿಂದ ಭಾರತೀಯ ಭಾಷೆಗಳವರೆಗೆ ಎಲ್ಲೆಡೆ ನಿಂತುಬಿಟ್ಟಿದೆ.

ಇಷ್ಟು ಮಾತ್ರವೇ ಆಗಿದ್ದರೆ ಹಾವಸೆಯ ಮಾತೃಕೋಶಕ್ಕೂ ಮಲ್ಲಿಗೆಯ ಪರಾಗಕೋಶದೊಳಗಿನ ಮಾತೃಕೋಶಕ್ಕೂ ವ್ಯತ್ಯಾಸವಿರುತ್ತಿರಲಿಲ್ಲ. ಹಾವಸೆಯ ವಿಶೇಷ ಬೇರೆಯೇ ಒಂದಿದೆ. ಸಾಮಾನ್ಯವಾಗಿ ಕೋಶವೊಂದು ವಿಭಜಿಸುವಾಗ ಮೊದಲು ಕೋಶಕೇಂದ್ರ ಒಡೆಯುತ್ತದೆ, ಅದರ ಜಾಡು ಹಿಡಿದು ಮಿಕ್ಕ ಜೀವರಸ ಪಾಲಾಗುತ್ತದೆ. ಹಾವಸೆಯ ಮಾತೃಕೋಶದಲ್ಲಿ ಪಾಲು ಮೊದಲು, ಒಡೆಯುವುದು ಆಮೇಲೆ. ಮಾಸ್‌ಗಳಲ್ಲಿಯೂ ಹಾರ್ನ್‌ವರ್ಟ್‌ಗಳಲ್ಲಿಯೂ ಮಾತೃಕೋಶಕ್ಕೆ ಇರುವುದು ಒಂದೇ ಹರಿತ್ಕಣ. ಕೋಶಕೇಂದ್ರ ಇನ್ನೂ ಅಲುಗುವ ಮೊದಲೇ ಈ ಹರಿತ್ಕಣ ಎರಡಾಗಿ, ಆ ಎರಡು ನಾಲ್ಕಾಗುತ್ತವೆ. ನಾಲ್ಕೂ ಪರಸ್ಪರ ಸಮದೂರದಲ್ಲಿ ಸರಿದು ನಿಲ್ಲುತ್ತವೆ. ಮುಕ್ಕಾಲಿಯ ಮೂರು ಕಾಲುಗಳ ತುದಿ ಮತ್ತು ಮೇಲಿನ ನೆತ್ತಿ ಎಂದು ನಾಲ್ಕು ಬಿಂದುಗಳನ್ನು ಊಹಿಸಿಕೊಂಡರೆ ಆ ವಿನ್ಯಾಸ ಕಣ್ಣಿಗೆ ಬರುತ್ತದೆ. ಅವು ನಿಂತ ಕಡೆಗಳಲ್ಲಿ ಕೋಶ ಉಬ್ಬುತ್ತದೆ, ನಡುನಡುವೆ ಒಳಸರಿಯುತ್ತದೆ. ಮಾತೃಕೋಶ ಇನ್ನೂ ಒಂದೇ, ಅದರ ಕೋಶಕೇಂದ್ರವೂ ಒಂದೇ. ಆದರೆ ಆಕಾರದಲ್ಲಿ ಅದಾಗಲೇ ನಾಲ್ಕು ಹಾಲೆಗಳಾಗಿ ಹುಟ್ಟಲಿರುವ ಮಕ್ಕಳ ಲೆಕ್ಕ ಒಪ್ಪಿಸಿರುತ್ತದೆ.

ಅಮೆರಿಕದ ರಾಯ್ ಬ್ರೌನ್ ಮತ್ತು ಬೆಟ್ಟಿ ಲೆಮನ್ 1980ರ ದಶಕದಿಂದ ಮುಂದಕ್ಕೆ ಈ ಘಟನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೂ ಹೊಳೆಯುವ ವರ್ಣಲೇಪಗಳಿಂದಲೂ ಹಂತಹಂತವಾಗಿ ಬಿಡಿಸಿ ತೋರಿಸಿದ್ದಾರೆ. ವರ್ಣತಂತುಗಳನ್ನು ಎಳೆದೊಯ್ಯುವ ಸೂಕ್ಷ್ಮನಾಳಗಳು ಈ ಕೋಶದಲ್ಲಿ ಹೊಮ್ಮುವುದು ನಾಲ್ಕು ಹರಿತ್ಕಣಗಳ ಮಗ್ಗುಲಿನಿಂದ. ಆದಕಾರಣ ಮೊದಲ ವಿಭಜನೆಗೆ ಎರಡು ಧ್ರುವಗಳು ಸಾಕಾಗಿದ್ದರೂ ಕದಿರಿನ ಬುನಾದಿ ನಾಲ್ಕು ಧ್ರುವಗಳ ಮೇಲೆ ನಿಂತಿರುತ್ತದೆ. ಇದರ ಪ್ರಯೋಜನವನ್ನು ಊಹಿಸುವುದು ಕಷ್ಟವಲ್ಲ. ಹರಿತ್ಕಣವಿಲ್ಲದೆ ಹುಟ್ಟಿದ ಬೀಜಕಕ್ಕೆ ಬಾಳಿಲ್ಲ; ಹರಿತ್ಕಣವನ್ನು ಕೋಶ ಹೊಸದಾಗಿ ಮಾಡಿಕೊಳ್ಳಲಾರದು, ಹಳೆಯದು ಒಡೆದೇ ಹೊಸದಾಗಬೇಕು. ಒಂದೇ ಇರುವಾಗ ಅದನ್ನು ಅದೃಷ್ಟಕ್ಕೆ ಬಿಡುವಂತಿಲ್ಲ. ಹರಿತ್ಕಣವೇ ಧ್ರುವವಾಗಿ ನಿಂತರೆ ಪ್ರತಿ ಪಾಲಿಗೂ ಒಂದು ಕೋಶಕೇಂದ್ರ ಒಂದು ಹರಿತ್ಕಣ ತಪ್ಪದೆ ಬಂದೇ ಬರುತ್ತವೆ. ಲಿವರ್‌ವರ್ಟ್‌ಗಳಲ್ಲಿ ಹೆಚ್ಚಿನವಕ್ಕೆ ಅನೇಕ ಹರಿತ್ಕಣಗಳಿದ್ದರೂ ಕೆಲವು ಈ ಹಳೆಯ ಕ್ರಮವನ್ನೇ ಉಳಿಸಿಕೊಂಡಿವೆ. ಅನೇಕ ಲಿವರ್‌ವರ್ಟ್‌ಗಳಲ್ಲಿ ನಾಲ್ಕು ಹಾಲೆಗಳ ಆಕಾರವಂತೂ ಎದ್ದು ಕಾಣುತ್ತದೆ.

ಬಿಡಿಯಾದ ಬೀಜಕ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಹೊರಗೋಡೆಯಲ್ಲಿರುವ ಸ್ಪೋರೊಪೊಲೆನಿನ್ ಸಸ್ಯಲೋಕದ ಅತ್ಯಂತ ಗಟ್ಟಿಯಾದ ದ್ರವ್ಯಗಳಲ್ಲಿ ಒಂದು. ಪರಾಗದ ಹೊರಕವಚವೂ ಇದರದ್ದೇ. ಮಾಸ್‌ಗಳಲ್ಲಿ ಇದರ ಮೇಲೆ ಸಂಪುಟದ ದ್ರವದಿಂದ ಕೂಡಿಬಂದ ಇನ್ನೊಂದು ಲೇಪವೂ ಇರುತ್ತದೆ. ಕಲ್ಲಿನಲ್ಲಿ ಹೂತು ಕೋಟ್ಯಂತರ ವರ್ಷ ಕಳೆದರೂ ಈ ಗೋಡೆ ಅಳಿಯುವುದಿಲ್ಲ. ನೆಲದ ಮೇಲೆ ಸಸ್ಯಗಳಿದ್ದುದಕ್ಕೆ ದೊರೆತಿರುವ ಅತಿ ಹಳೆಯ ಕುರುಹು ಎಲೆಯಲ್ಲ, ಬೇರಲ್ಲ. ಸುಮಾರು 47 ಕೋಟಿ ವರ್ಷಗಳ ಹಿಂದಿನ ಶಿಲೆಗಳಲ್ಲಿ ಸಿಕ್ಕಿರುವ ಬೀಜಕಗಳು, ಅವುಗಳಲ್ಲಿ ಅನೇಕವು ನಾಲ್ಕರ ಗೊಂಚಲಾಗಿಯೇ ಇರುವಂಥವು. ಗಿಡದ ಹೆಸರು ತಿಳಿಯದೆ ಹೆರಿಗೆಯ ಲೆಕ್ಕವಷ್ಟೇ ಉಳಿದುಬಂದಿದೆ.

ಬೀಜಕಗಳು ಪಕ್ವವಾಗುವ ಕಾಲಕ್ಕೆ ಸಂಪುಟ ಒಣಗಿ ಕಂದಾಗುತ್ತದೆ. ಅದುವರೆಗೆ ಅದರ ತಲೆಯನ್ನು ಮುಚ್ಚಿದ್ದುದು ತಾಯಿಯ ಅಂಗಾಂಶದಿಂದಲೇ ಆದ ಒಂದು ಟೊಪ್ಪಿಗೆ; ಕನ್ನಡದಲ್ಲಿ ಅದಕ್ಕೆ ಕುಲಾವಿ ಎಂದರೆ ಆಕಾರಕ್ಕೂ ಸಂಬಂಧಕ್ಕೂ ಒಪ್ಪುತ್ತದೆ. ಕುಲಾವಿ ಬರಿಯ ಅಲಂಕಾರವಲ್ಲ. ಫ್ಯುನೇರಿಯದ ಎಳೆಯ ಸಂಪುಟಗಳ ಕುಲಾವಿಯ ಮೇಲಿನ ಮೇಣದ ಪೊರೆಯನ್ನು ತೆಗೆದು ಒಣಹವೆಗೆ ಒಡ್ಡಿ ನೋಡಿದ ಪ್ರಯೋಗವೊಂದು 2013ರಲ್ಲಿ ವರದಿಯಾಯಿತು. ಹಾಗೆ ಮಾಡಿದಾಗ ಬದುಕಿ ಉಳಿದ ಬೀಜಕಸಸ್ಯಗಳು ಕಡಿಮೆಯಾದವು, ಬಾಯಿಯ ಹಲ್ಲುಗಳು ವಿಕಾರಗೊಂಡವು, ಬೀಜಕಗಳ ಫಸಲು ಇಳಿಯಿತು. ಪಕ್ವವಾದಾಗ ಕುಲಾವಿ ಜಾರುತ್ತದೆ, ಅದರಡಿಯ ಮುಚ್ಚಳವೂ ಕಳಚುತ್ತದೆ. ಬಾಯಿಯ ಅಂಚಿನಲ್ಲಿ 16 ಹಲ್ಲುಗಳ ಎರಡು ಸುತ್ತುಗಳು. ಹೊರಸುತ್ತಿನ ಹಲ್ಲುಗಳು ಹವೆಯ ತೇವಕ್ಕೆ ಬಾಗಿ ಒಣಹವೆಗೆ ಸೆಟೆದು, ಬೀಜಕಗಳನ್ನು ಒಮ್ಮೆಲೇ ಸುರಿಯದೆ ಹದವಾಗಿ ಹೊರಬಿಡುತ್ತವೆ.

ಬಂಧುಗಳ ಮನೆಯಲ್ಲಿ ಕ್ರಮ ಬೇರೆ. ರಿಕ್ಸಿಯಾ ಎಂಬ ಲಿವರ್‌ವರ್ಟ್ ತೇವದ ಮಣ್ಣಿನ ಮೇಲೆ ಕವಲೊಡೆದ ಪಟ್ಟಿಯಂತೆ ಹಬ್ಬುತ್ತದೆ. ಪಾದವಿಲ್ಲ, ದಂಟಿಲ್ಲ, ಸಂಪುಟ ಗಿಡದೊಳಗೇ ಹುದುಗಿರುತ್ತದೆ. ಒಂದು ಪದರದ ಗೋಡೆಯನ್ನು ಬಿಟ್ಟರೆ ಒಳಗಿನ ಕೋಶಗಳೆಲ್ಲ ಹೆಚ್ಚುಕಡಿಮೆ ಮಾತೃಕೋಶಗಳೇ. ಕೆಲವು ಮಾತ್ರ ಕರಗಿ ಉಳಿದವುಗಳಿಗೆ ಆಹಾರವಾಗುತ್ತವೆ. ಗಿಡ ಕೊಳೆತಾಗಲೇ ಬೀಜಕಗಳಿಗೆ ಬಿಡುಗಡೆ. ಮಾರ್ಕಾಂಷಿಯಾದಲ್ಲಿ ಒಂದೇ ಕುಲದ ಕೋಶಗಳು ಎರಡು ದಾರಿ ಹಿಡಿಯುತ್ತವೆ. ಕೆಲವು ಉದ್ದವಾಗಿ ಎಳೆದುಕೊಂಡು, ಗೋಡೆಯಲ್ಲಿ ಸುರುಳಿ ಪಟ್ಟಿಗಳನ್ನು ಕಟ್ಟಿಕೊಂಡು, ಅರೆವಿಭಜನೆಯ ಗೊಡವೆಗೆ ಹೋಗದೆ ಸತ್ತು ಸುರುಳಿತಂತುಗಳಾಗುತ್ತವೆ. ಒಣಗಿದಾಗ ಅವು ತಿರುಚಿ ಬೀಜಕಗಳನ್ನು ಸಡಿಲಿಸಿ ಚೆಲ್ಲುತ್ತವೆ. ಅವುಗಳ ಸೋದರ ಕೋಶಗಳು ಇನ್ನಷ್ಟು ವಿಭಜಿಸಿ ಮಾತೃಕೋಶಗಳಾಗುತ್ತವೆ. ಒಂದು ಸೋದರ ಕೋಶ ಐದು ಬಾರಿ ಇಮ್ಮಡಿಸಿದರೆ 32 ಮಾತೃಕೋಶಗಳು, ಅವುಗಳಿಂದ 128 ಬೀಜಕಗಳು; ಒಂದು ತಂತುವಿಗೆ 128 ಬೀಜಕ ಎಂದು ಪಠ್ಯಗಳಲ್ಲಿ ಬರುವ ಪ್ರಮಾಣದ ಹಿಂದಿನ ಗಣಿತ ಇದು. ಮಾರ್ಕಾಂಷಿಯಾದ ಗಿಡಗಳಲ್ಲಿ ಗಂಡು ಬೇರೆ ಹೆಣ್ಣು ಬೇರೆ. ಆದ್ದರಿಂದ ಒಂದು ಮಾತೃಕೋಶದ ನಾಲ್ಕು ಬೀಜಕಗಳಲ್ಲಿ ಎರಡು ಗಂಡಾಗುತ್ತವೆ, ಎರಡು ಹೆಣ್ಣಾಗುತ್ತವೆ. ಸಸ್ಯಗಳಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತು ಮೊದಲು ಪತ್ತೆಯಾದದ್ದೂ ಸ್ಫೀರೋಕಾರ್ಪಸ್ ಎಂಬ ಲಿವರ್‌ವರ್ಟಿನಲ್ಲಿ, 1917ರಲ್ಲಿ, ಚಾರ್ಲ್ಸ್ ಆಲನ್‌ನಿಂದ.

ಹಾರ್ನ್‌ವರ್ಟಾದ ಆಂತೊಸಿರಾಸ್ ಮಾತ್ರ ನಿಧಾನದ ಬದುಕಿನದು. ಅದರ ಬೀಜಕಸಸ್ಯ ಕೊಂಬಿನಂತೆ ನೆಟ್ಟಗೆ ನಿಂತು ಬುಡದಲ್ಲಿ ಬೆಳೆಯುತ್ತಲೇ ಇರುತ್ತದೆ. ಇಲ್ಲಿ ಮೂಲಬೀಜಕ ಪದರ ಬರುವುದು ಫ್ಯುನೇರಿಯದಂತೆ ಒಳಪದರದಿಂದಲ್ಲ, ಹೊರಪದರದ ಒಳಸುತ್ತಿನಿಂದ. ಪೀಟ್ ಮಾಸ್ ಎನಿಸಿದ ಸ್ಫ್ಯಾಗ್ನಮ್‌ನಲ್ಲಿಯೂ ಹಾಗೆಯೇ. ಆಂತೊಸಿರಾಸ್‌ನ ಒಂದೇ ಕೊಂಬನ್ನು ಉದ್ದಕ್ಕೆ ಸೀಳಿದರೆ ಬುಡದಲ್ಲಿ ಎಳೆಯ ಮೂಲಪದರ, ಅದರ ಮೇಲೆ ಮಾತೃಕೋಶ, ಅದಕ್ಕೂ ಮೇಲೆ ನಾಲ್ಕರ ಗೊಂಚಲು, ತುದಿಯಲ್ಲಿ ಮಾಗಿದ ಬೀಜಕ ಹೀಗೆ ಇಡೀ ಕಥೆ ಒಂದೇ ತಾಳೆಗರಿಯಲ್ಲಿ ಬರೆದಂತೆ ಸಿಗುತ್ತದೆ. ಪಾಠ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇರೊಂದಿಲ್ಲ.

ಇಷ್ಟೊಂದು ಬಗೆಗಳು ಏಕೆ ಎಂಬ ಪ್ರಶ್ನೆ ದೊಡ್ಡ ವಿವಾದಕ್ಕೆ ಕಾರಣವಾಯಿತು. ಇಂಗ್ಲೆಂಡಿನ ಎಫ್.ಒ. ಬೋವರ್ 1908ರ ತನ್ನ ಗ್ರಂಥದಲ್ಲಿ ಒಂದು ಕ್ರಮವನ್ನು ಹೇಳಿದನು. ನೀರು ದುರ್ಲಭವಾದ ನೆಲದಲ್ಲಿ ಒಂದು ಫಲೀಕರಣದಿಂದ ಆದಷ್ಟು ಹೆಚ್ಚು ಬೀಜಕಗಳು ದೊರೆಯಬೇಕು. ಅದಕ್ಕಾಗಿ ಬೀಜಕಸಸ್ಯ ಹಿಗ್ಗುತ್ತ ಬಂದಿತು, ಹಿಗ್ಗಿದಂತೆ ಅದರ ಒಂದೊಂದು ಪಾಲು ಹೆರುವ ಕೆಲಸ ಬಿಟ್ಟು ಬಂಜೆಯಾಗಿ ಗೋಡೆ, ದಂಟು, ಕಂಬಗಳಾಯಿತು. ಈ ಮತದಂತೆ ರಿಕ್ಸಿಯಾ ಮೊದಲ ಮೆಟ್ಟಿಲು, ಮಾಸ್ ಮೇಲಿನ ಮೆಟ್ಟಿಲು. ಲಾಹೋರಿನಲ್ಲಿದ್ದ ಶಿವರಾಮ ಕಶ್ಯಪ್ ಇದನ್ನು ತಲೆಕೆಳಗು ಮಾಡಿದರು. 1882ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡ ಅವರು ಭಾರತೀಯ ಹಾವಸೆಶಾಸ್ತ್ರದ ಜನಕರೆನಿಸಿದವರು. ಪಶ್ಚಿಮ ಹಿಮಾಲಯ ಮತ್ತು ಪಂಜಾಬಿನ ಬಯಲಿನ ಲಿವರ್‌ವರ್ಟ್‌ಗಳ ಮೇಲಿನ ಅವರ ಗ್ರಂಥ 1929 ಮತ್ತು 1932ರಲ್ಲಿ ಎರಡು ಭಾಗಗಳಾಗಿ ಬಂದಿತು. ಅವರ ದೃಷ್ಟಿಯಲ್ಲಿ ರಿಕ್ಸಿಯಾದ ಸರಳತೆ ಆದಿಮವಾದುದಲ್ಲ, ಇದ್ದುದನ್ನು ಕಳೆದುಕೊಂಡು ಬಂದದ್ದು. ಬೇಸಗೆ ಕಠಿಣವಾದ ನಾಡಿನಲ್ಲಿ ದಂಟು, ಹಲ್ಲುಗಳ ವೈಭವಕ್ಕೆ ಅವಕಾಶವಿಲ್ಲ. ಈಚಿನ ಜೀನ್ ಅಧ್ಯಯನಗಳು ಹಾವಸೆಯ ಮೂರು ಕವಲುಗಳನ್ನು ಒಂದೇ ಕುಟುಂಬಕ್ಕೆ ಸೇರಿಸಿ, ಲಿವರ್‌ವರ್ಟನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಿಂದ ಎಬ್ಬಿಸಿ ಮಾಸ್‌ನ ಪಕ್ಕದಲ್ಲಿ ಕೂರಿಸಿವೆ. ಕಶ್ಯಪರ ವಾದದ ಎಲ್ಲ ವಿವರಗಳೂ ಇದರಿಂದ ಸ್ಥಿರಪಟ್ಟವೆಂದಲ್ಲ. ಆದರೆ ಸರಳವಾದುದೆಲ್ಲ ಹಳೆಯದು ಎಂಬ ನಂಬಿಕೆಯನ್ನು ಪ್ರಶ್ನಿಸಿದ್ದು ಅವರ ಕಾಲಕ್ಕೆ ದಿಟ್ಟತನ. ಕಾವ್ಯರೂಪಗಳ ಇತಿಹಾಸ ಬರೆಯುವವರಿಗೂ ಈ ಎಚ್ಚರ ಬೇಕಾದದ್ದೇ.

ಮುಂಬಯಿಗೂ ಕನ್ನಡ ನಾಡಿನ ಹಾವಸೆಗೂ ಒಂದು ಹಳೆಯ ಸಂಬಂಧವಿದೆ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಆಡಳಿತಕ್ಕೆ ಸೇರಿ 1956ರವರೆಗೂ ಅಲ್ಲಿಯೇ ಇದ್ದಿತು. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದು ನಿವೃತ್ತಿಯ ಮೇಲೂ ಅಲ್ಲಿಯೇ ನೆಲೆಸಿದ ಟಿ.ಆರ್.ಡಿ. ಬೆಲ್, ಮುಂಬಯಿ ಪ್ರಾಂತ್ಯದ ಸಿವಿಲ್ ಅಧಿಕಾರಿ ಎಲ್.ಜೆ. ಸೆಜ್‌ವಿಕ್ ಇವರಿಬ್ಬರೂ ಸೇರಿ ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಆ ಜಿಲ್ಲೆಯ ಕಾಡುಗಳಲ್ಲಿ ಸಸ್ಯಗಳನ್ನು ಸಂಗ್ರಹಿಸಿದರು. ಹೂಗಿಡಗಳ ನಡುವೆ ಹಾವಸೆಗೂ ಅವರು ಕೈ ಚಾಚಿದ್ದು ವಿಶೇಷ. ಆ ಮಾಸ್‌ಗಳನ್ನು ಇಂಗ್ಲೆಂಡಿನ ನಾರ್ತಾಂಪ್ಟನ್ನಿನ ಎಚ್.ಎನ್. ಡಿಕ್ಸನ್ ಪರಿಶೀಲಿಸಿ 1921ರಲ್ಲಿ ಕೆನರಾ ಜಿಲ್ಲೆಯ ಮಾಸ್‌ಗಳ ಬಗೆಗೆ ಲೇಖನ ಪ್ರಕಟಿಸಿದರು. ಬ್ರಯೊಸೆಜ್‌ವಿಕಿಯಾ ಎಂಬ ಕುಲನಾಮದಲ್ಲಿ ಆ ಅಧಿಕಾರಿಯ ಹೆಸರು ಸೇರಿಕೊಂಡಿತು. ಇವರ ಸಸ್ಯಸಂಗ್ರಹ ಸೇರಿದ್ದು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜನ್ನು. ಅಲ್ಲಿನ ಸಸ್ಯಾಗಾರಕ್ಕೆ ಸ್ವಿಸ್ ಪಾದ್ರಿ ಎಥೆಲ್‌ಬರ್ಟ್ ಬ್ಲಾಟರ್ ಅವರ ಹೆಸರಿದೆ. ಮಾಸ್‌ಗಳನ್ನು ಗುರುತಿಸುವುದು ಬಹುಮಟ್ಟಿಗೆ ಸಂಪುಟದ ಆಕಾರ, ಹಲ್ಲುಗಳ ರಚನೆ, ಬೀಜಕದ ಗಾತ್ರ, ಅದರ ಮೇಲಿನ ಉಬ್ಬುತಗ್ಗುಗಳಿಂದ. ಆದ್ದರಿಂದ ಸಂಪುಟ ಮೂಡಿದ ಹೊತ್ತಿಗೆ ಕಾಡಿನಲ್ಲಿ ಇರುವುದು ಸಂಗ್ರಾಹಕನ ಕೆಲಸದ ಅರ್ಧಪಾಲು. ಜಿ.ಟಿ. ದಾಭಾಡೆ ಅವರು ಖಂಡಾಲಾ ಮತ್ತು ಮಹಾಬಳೇಶ್ವರಗಳ ಮಾಸ್‌ಗಳನ್ನು ಕುರಿತು 1998ರಲ್ಲಿ ತಂದ ಗ್ರಂಥವೂ ಈ ಪರಂಪರೆಯದೇ.

ನಗರದ ಒಳಗೆಯೇ ನೋಡಬಯಸುವವರಿಗೆ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾನ್ಹೇರಿ ಗುಹೆಗಳಿವೆ. ಕನ್ನಡ ವಿದ್ಯಾರ್ಥಿಗಳಿಗೆ ಆ ಸ್ಥಳ ಅಪರಿಚಿತವಲ್ಲ. ರಾಷ್ಟ್ರಕೂಟ ಅಮೋಘವರ್ಷನನ್ನೂ ಅವನ ಶಿಲಾಹಾರ ಸಾಮಂತರನ್ನೂ ಹೆಸರಿಸುವ 9ನೆಯ ಶತಮಾನದ ಶಾಸನಗಳು ಅಲ್ಲಿವೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅಧಿಕಾರ ಈ ಬಂಡೆಗಳವರೆಗೂ ಚಾಚಿತ್ತೆಂಬುದಕ್ಕೆ ಅವು ಸಾಕ್ಷಿ. ಮಳೆಗಾಲದಲ್ಲಿ ಆ ಕಪ್ಪು ಬಂಡೆಯ ನೀರಿನ ಕಾಲುವೆಗಳೂ ತೊಟ್ಟಿಗಳ ಅಂಚುಗಳೂ ಹಸುರಾಗುತ್ತವೆ. ಶಾಸನತಜ್ಞರಿಗೆ ಅಕ್ಷರದ ಗೆರೆಯೊಳಗೆ ಕೂತ ಹಾವಸೆ ಶತ್ರು. ಆ ಶತ್ರುವಿಗೆ ಅಲ್ಲಿ ದೊರೆಯುವ ಕಾಲಾವಕಾಶ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು, ಅದರ ಮೇಲೆ ತೇವ ಆರುವವರೆಗಿನ ಕೆಲವು ವಾರ. ಅಷ್ಟರಲ್ಲಿ ಚಿಗುರಿ, ಕೂಡಿ, ಸಂಪುಟ ಕಟ್ಟಿ, ಮಾತೃಕೋಶಗಳನ್ನು ನಾಲ್ಕಾಗಿಸಿ ಗೋಡೆ ಬಲಿಸಬೇಕು. ಎಲ್ಲ ಹಾವಸೆಯೂ ಇದಕ್ಕೆ ಕೈಹಾಕುವುದಿಲ್ಲ. ಭಾರತದ ಗೋಡೆಗಳ ಮೇಲೆ ಬಹು ಸಾಮಾನ್ಯವಾದ ಹಯೋಫಿಲ ಇನ್‌ವಾಲ್ಯೂಟ ಎಂಬ ಮಾಸ್ ಸಂಪುಟ ಧರಿಸುವುದು ಅಪರೂಪ. ಎಲೆಗಳ ಸಂದಿನಲ್ಲಿ ಮೂಡುವ ಮೊಗ್ಗುಕಣಗಳು ಉದುರಿ ಹೊಸ ಗಿಡಗಳಾಗುತ್ತವೆ. ಅದಕ್ಕೆ ತಂದೆಯೂ ಬೇಡ, ಮಾತೃಕೋಶವೂ ಬೇಡ. ಹಾಗೆ ಹುಟ್ಟಿದವೆಲ್ಲ ತಾಯಿಯ ಪಡಿಯಚ್ಚುಗಳು. ಅದಲು ಬದಲಿನ ಲಾಭ ಅವಕ್ಕಿಲ್ಲ.

ಈ ವಿಷಯವನ್ನು ಕನ್ನಡದಲ್ಲಿ ಹೇಳುವ ಸಮಸ್ಯೆ ಮುಂಬಯಿಯಲ್ಲಿ ಬರಿಯ ಪಾಂಡಿತ್ಯದ್ದಲ್ಲ. 1967ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಬಾಲಭಾರತಿ, ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಹೊರತರುತ್ತದೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯ ಮಗು ಬೀಜಕ ಎಂಬ ಪದವನ್ನು ಅದರಲ್ಲಿ ಓದುತ್ತದೆ, ಕಾಲೇಜಿಗೆ ಹೋದ ದಿನ ಅದೇ ವಸ್ತು ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಎರಡರ ನಡುವೆ ಸೇತುವೆಯಾಗಬಲ್ಲ ಗದ್ಯ ಕನ್ನಡದಲ್ಲಿ ಇಲ್ಲದಿಲ್ಲ. ಶಿವರಾಮ ಕಾರಂತರ ವಿಜ್ಞಾನ ಪ್ರಪಂಚದ ಸಂಪುಟಗಳಿವೆ. ಹಸುರು ಹೊನ್ನಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರು ವೃತ್ತಿಯಿಂದ ಸಸ್ಯಭ್ರೂಣಶಾಸ್ತ್ರಜ್ಞರು. ಮಾತೃಕೋಶದಿಂದ ಭ್ರೂಣದವರೆಗಿನ ದಾರಿಯೇ ಅವರ ಸಂಶೋಧನೆಯ ಕ್ಷೇತ್ರವಾಗಿತ್ತು. ಅವರ ಹಾಸ್ಯವನ್ನು ಮೆಚ್ಚುವ ಸಾಹಿತ್ಯ ವಿದ್ಯಾರ್ಥಿಗಳು ಅವರ ಸೂಕ್ಷ್ಮದರ್ಶಕದ ಕಡೆಗೆ ಕಣ್ಣು ಹಾಯಿಸಿದ್ದು ಕಡಿಮೆ.

ಪಾರಿಭಾಷಿಕ ಪದಗಳಲ್ಲಿ ಇನ್ನೊಂದು ತೊಡಕು ಉಳಿದಿದೆ. ಬೀಜಕಸಸ್ಯ ಎಂಬ ಹೆಸರು ಬೀಜಕಗಳನ್ನು ಹೆರುವುದರಿಂದ ಬಂದದ್ದು. 1876ರಲ್ಲಿ ಪ್ರಿಂಗ್ಸ್‌ಹೈಮ್ ಮತ್ತು ಸ್ಟಾಲ್ ಮಾಸ್‌ನ ದಂಟನ್ನು ತುಂಡರಿಸಿ ತೇವದಲ್ಲಿಟ್ಟಾಗ ಆ ತುಂಡು ಅರೆವಿಭಜನೆಯಿಲ್ಲದೆ, ಬೀಜಕದ ಹಂಗಿಲ್ಲದೆ, ನೇರವಾಗಿ ಹಸುರು ಎಳೆಗಳನ್ನು ಹೊಮ್ಮಿಸಿ ಲಿಂಗಾಣುಸಸ್ಯವಾಯಿತು. ವರ್ಣತಂತುಗಳು ಮಾತ್ರ ಎರಡು ಜೊತೆಗಳೇ ಉಳಿದವು. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಫಿಸ್ಕೊಮಿಟ್ರಿಯಮ್ ಎಂಬ ಮಾಸ್‌ನ ನಾಕ್ಸ್ 2 ವರ್ಗದ ಜೀನ್‌ಗಳನ್ನು ತೆಗೆದುಹಾಕಿದಾಗ ದಂಟನ್ನು ಕತ್ತರಿಸುವ ಶ್ರಮವೂ ಬೇಕಾಗಲಿಲ್ಲ. ಬೀಜಕಸಸ್ಯದ ಕೋಶಗಳು ತಾವಾಗಿಯೇ ಲಿಂಗಾಣುಸಸ್ಯದ ದಾರಿ ಹಿಡಿದವು. ವರ್ಣತಂತುಗಳ ಲೆಕ್ಕಕ್ಕೆ ಅದು ಎರಡನೆಯ ಪೀಳಿಗೆ, ರೂಪಕ್ಕೆ ಮೊದಲನೆಯದು. ಅದನ್ನು ಏನೆಂದು ಕರೆಯಬೇಕೆಂಬುದಕ್ಕೆ ಕನ್ನಡದಲ್ಲಿ ಇನ್ನೂ ಪದ ನಿಂತಿಲ್ಲ.